ರದ್ದಾದ ನಿಯಮ, ಉಳಿದ ಮೆಟ್ಟಿಲು: ಪ್ರವಾಸಿ ತಾಣಗಳಿಗೆ ವೀಲ್‌ಚೇರ್ ದಾರಿ ಯಾವಾಗ?

ಸಾರ್ವಜನಿಕ ಸ್ಥಳಗಳಿಗೆ ಅಂಗವಿಕಲರ ಪ್ರವೇಶಕ್ಕೆ ಸಂಬಂಧಿಸಿದ ನಿಯಮವನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿದೆ ಎಂಬ ಸುದ್ದಿ 2024ರ ನವೆಂಬರ್‌ನಲ್ಲಿ ಬಂದಾಗ, ಇದ್ದ ಒಂದು ರಕ್ಷಣೆಯೂ ಕೈತಪ್ಪಿತು ಎಂದು ಹಲವರು ಅಂದುಕೊಂಡರು. ಆದರೆ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವವರು ಅದೇ ತೀರ್ಪನ್ನು ಸ್ವಾಗತಿಸಿದರು. ನಿಯಮ ಬಿದ್ದುಹೋದರೆ ಖುಷಿ ಯಾಕೆ? ಇನ್ನು ಹಂಪಿ, ಬೇಲೂರು, ಜೋಗ, ಬಂಡೀಪುರಗಳಿಗೆ ವೀಲ್‌ಚೇರ್‌ನಲ್ಲಿ ಹೋಗಬಯಸುವವರಿಗೆ ಇದರಿಂದ ಏನಾದರೂ ಬದಲಾಗುತ್ತದೆಯೇ? ಎರಡನೆಯ ಪ್ರಶ್ನೆಗೆ ಉತ್ತರ ಕೋರ್ಟಿನ ಆದೇಶದಲ್ಲಿ ಅರ್ಧ ಸಿಗುತ್ತದೆ. ಉಳಿದರ್ಧ ಪಾರ್ಕಿಂಗ್ ಜಾಗ, ಶೌಚಾಲಯದ ಬಾಗಿಲು, ಹೊಸ್ತಿಲುಗಳ ಅಳತೆಯಲ್ಲಿದೆ.

ಬಿದ್ದದ್ದು ಯಾವ ನಿಯಮ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ. ಅದರ 40ನೇ ಸೆಕ್ಷನ್ ಪ್ರಕಾರ ಕಟ್ಟಡ, ಸಾರಿಗೆ, ಮಾಹಿತಿ ಮತ್ತು ಇತರ ಸೇವೆಗಳು ಅಂಗವಿಕಲರಿಗೆ ಸುಗಮವಾಗಿರಲು ಬೇಕಾದ ಮಾನದಂಡಗಳನ್ನು ಕೇಂದ್ರ ಸರ್ಕಾರ ನಿಯಮಗಳ ಮೂಲಕ ರೂಪಿಸಲೇಬೇಕು. ನಗರ ಮತ್ತು ಗ್ರಾಮೀಣ ಪ್ರದೇಶ ಎರಡನ್ನೂ ಈ ಸೆಕ್ಷನ್ ಹೆಸರಿಸುತ್ತದೆ. ಈ ಮಾನದಂಡ ಪಾಲಿಸದ ಕಟ್ಟಡದ ನಕ್ಷೆಗೆ ಅನುಮತಿ ಇಲ್ಲ, ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ ಎನ್ನುತ್ತದೆ 44ನೇ ಸೆಕ್ಷನ್. ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಬೇಕು ಎನ್ನುತ್ತದೆ 45. ಸೇವೆ ಒದಗಿಸುವವರಿಗೆ, ಸರ್ಕಾರಿ ಇರಲಿ ಖಾಸಗಿ ಇರಲಿ, 46ನೇ ಸೆಕ್ಷನ್ ಕೊಟ್ಟ ಗಡುವು ಎರಡು ವರ್ಷ.

ಕಾಯ್ದೆಯ ಮಾತು ಇಷ್ಟು ಖಡಕ್ಕಾಗಿದ್ದರೂ, 2017ರ ಜೂನ್‌ನಲ್ಲಿ ಅದರಡಿ ಬಂದ ನಿಯಮಾವಳಿಯ 15ನೇ ನಿಯಮ ಬೇರೆಯೇ ಹಾದಿ ಹಿಡಿಯಿತು. ಅದು ಬೇರೆ ಬೇರೆ ಸಚಿವಾಲಯಗಳು ಹೊರಡಿಸಿದ್ದ ಮಾರ್ಗಸೂಚಿಗಳನ್ನು ಪಟ್ಟಿ ಮಾಡಿ, ಇವನ್ನು ಅನುಸರಿಸಿ ಎಂದಿತು. ಆ ಮಾರ್ಗಸೂಚಿಗಳ ಒಳಗಡೆ ನೋಡಿದರೆ ‘ಇರಬೇಕು’ ಎಂಬುದರ ಪಕ್ಕದಲ್ಲೇ ‘ಇದ್ದರೆ ಒಳ್ಳೆಯದು’, ‘ಸಾಧ್ಯವಾದಲ್ಲಿ’, ‘ಪರಿಗಣಿಸಬಹುದು’ ಎಂಬ ಮಾತುಗಳು. ಕಟ್ಟಡ ಸುಗಮವಾಗಿಲ್ಲ ಎಂದು ದೂರಿದವರಿಗೆ ‘ಅದು ಶಿಫಾರಸು ಅಷ್ಟೇ’ ಎಂದು ಹೇಳಿ ಅಧಿಕಾರಿಗಳು ಕೈ ತೊಳೆದುಕೊಳ್ಳಲು ಇಷ್ಟು ಸಾಕಿತ್ತು.

ನವೆಂಬರ್ ತೀರ್ಪಿನ ಹಿಂದಿರುವುದು ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲೇ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ್ದ ಅರ್ಜಿ. 2017ರ ಡಿಸೆಂಬರ್‌ನಲ್ಲಿ ಕೋರ್ಟ್ ಒಮ್ಮೆ ವಿವರವಾದ ನಿರ್ದೇಶನ ಕೊಟ್ಟಿತ್ತು; ರಾಜ್ಯಗಳ ಪಾಲನೆ ನಿರಾಶಾದಾಯಕವಾಗಿತ್ತು. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವಿಕಲತಾ ಅಧ್ಯಯನ ಕೇಂದ್ರ ವಸ್ತುಸ್ಥಿತಿಯ ವರದಿ ಕೊಟ್ಟ ಮೇಲೆ, ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಮೂವರ ಪೀಠ, 2024ರ ನವೆಂಬರ್ 8ರಂದು, 15ನೇ ನಿಯಮದ ಈ ಭಾಗ ಮೂಲ ಕಾಯ್ದೆಗೇ ವಿರುದ್ಧ ಎಂದು ತೀರ್ಮಾನಿಸಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮ ಐಚ್ಛಿಕ ಮಾಡುವಂತಿಲ್ಲ ಎಂಬುದು ವಾದದ ತಿರುಳು. ರಾಜಿಯಿಲ್ಲದ ಕನಿಷ್ಠ ಮಾನದಂಡಗಳನ್ನು ಮಾರ್ಗಸೂಚಿಗಳಿಂದ ಬೇರ್ಪಡಿಸಿ, ಮೂರು ತಿಂಗಳಲ್ಲಿ ಕಡ್ಡಾಯ ನಿಯಮ ಮಾಡಿ ಎಂದು ಕೇಂದ್ರಕ್ಕೆ ಆದೇಶವಾಯಿತು. ಹೀಗಾಗಿ, ಬಿದ್ದದ್ದು ರಕ್ಷಣೆಯಲ್ಲ. ಅಧಿಕಾರಿಗಳು ನುಣುಚಿಕೊಳ್ಳಲು ಬಳಸುತ್ತಿದ್ದ ಕಿಂಡಿ.

ಗಡುವು ಎಲ್ಲಿಂದ ಎಣಿಸಬೇಕು?

ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಮೂರು ತಿಂಗಳ ಗಡುವು 2025ರ ಫೆಬ್ರವರಿಗೆ ಮುಗಿಯಿತು. ಅಷ್ಟರೊಳಗೆ ನಿಯಮ ಬರಲಿಲ್ಲ. ಅದಕ್ಕಿಂತ ದೊಡ್ಡ ತೊಡಕು 45ನೇ ಸೆಕ್ಷನ್ನಿನಲ್ಲಿದೆ. ಹಳೆಯ ಕಟ್ಟಡಗಳನ್ನು ಸರಿಪಡಿಸುವ ಐದು ವರ್ಷವನ್ನು ಅದು ‘ಅಂಥ ನಿಯಮಗಳು ಪ್ರಕಟವಾದ ದಿನದಿಂದ’ ಎಣಿಸುತ್ತದೆ. 2017ರ ಜೂನ್‌ನಿಂದ ಎಣಿಸಿದರೆ 2022ರ ಜೂನ್‌ಗೇ ಅವಧಿ ತೀರಿತು. ಆದರೆ 2017ರ ನಿಯಮ ಕಾಯ್ದೆ ಬಯಸಿದ ನಿಯಮವೇ ಆಗಿರಲಿಲ್ಲ ಎಂದು ಈಗ ಕೋರ್ಟೇ ಹೇಳಿದೆಯಲ್ಲ. ಹಾಗಿದ್ದರೆ ಗಡಿಯಾರ ಇನ್ನೂ ಶುರುವೇ ಆಗಿಲ್ಲ, ಹೊಸ ನಿಯಮ ಬಂದ ದಿನದಿಂದ ಮತ್ತೆ ಐದು ವರ್ಷ ಸಿಗುತ್ತದೆ ಎಂದು ಇಲಾಖೆಗಳು ವಾದಿಸುವ ಸಾಧ್ಯತೆ ಧಾರಾಳವಾಗಿದೆ. ಕಾಯ್ದೆಯ ಉದ್ದೇಶ ನೋಡಿದರೆ ಈ ವಾದ ಒಪ್ಪಿತವಾಗಬಾರದು. ಆದರೆ ಸೆಕ್ಷನ್ನಿನ ಅಕ್ಷರ ಅದಕ್ಕೆ ಎಡೆ ಕೊಡುತ್ತದೆ. ಹೊಸ ನಿಯಮದಲ್ಲೇ ದಿನಾಂಕ ನಮೂದಿಸದಿದ್ದರೆ ಇನ್ನೊಂದು ದಶಕ ನ್ಯಾಯಾಲಯದಲ್ಲೇ ಕಳೆಯಬಹುದು.

ದಂಡದ ಮೊತ್ತವನ್ನೂ ಗಮನಿಸಬೇಕು. 89ನೇ ಸೆಕ್ಷನ್ ಪ್ರಕಾರ ಮೊದಲ ಉಲ್ಲಂಘನೆಗೆ ಗರಿಷ್ಠ 10,000 ರೂಪಾಯಿ. ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ. ಒಂದು ರೆಸಾರ್ಟಿಗೆ ಮೊದಲ ದಂಡ ಕಟ್ಟುವುದು ರ‍್ಯಾಂಪ್ ಕಟ್ಟುವುದಕ್ಕಿಂತ ಅಗ್ಗ. ಕಾನೂನಿನ ನಿಜವಾದ ಬಿಸಿ ಇರುವುದು 44ನೇ ಸೆಕ್ಷನ್ನಿನಲ್ಲಿ: ಪ್ರಮಾಣಪತ್ರ ಸಿಗದೆ ಹೊಸ ಕಟ್ಟಡದ ಬಾಗಿಲು ತೆರೆಯುವಂತಿಲ್ಲ.

ಸ್ಮಾರಕ ಮುಟ್ಟುವ ಮುನ್ನವೇ ಮುಗಿಯುವ ಪ್ರವಾಸ

ಪ್ರವಾಸಿ ತಾಣಗಳ ಮಾತು ಬಂದ ಕೂಡಲೇ ಚರ್ಚೆ ‘ಎಂಟುನೂರು ವರ್ಷದ ಗುಡಿಗೆ ರ‍್ಯಾಂಪ್ ಹಾಕುವುದು ಹೇಗೆ?’ ಎಂಬಲ್ಲಿಗೆ ಹಾರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ವೀಲ್‌ಚೇರ್ ಅಲ್ಲಿಯವರೆಗೆ ಬಂದಿದ್ದರೆ ತಾನೆ ಆ ಪ್ರಶ್ನೆ ಏಳುವುದು?

ಒಬ್ಬರು ಊರಿನಿಂದ ಹೊರಟು ತಾಣ ತಲುಪುವ ದಾರಿಯನ್ನು ಬಿಡಿಬಿಡಿಯಾಗಿ ನೋಡೋಣ. ಮೊದಲಿಗೆ ಬಸ್ಸು. ನಗರ ಸಾರಿಗೆಗೆ ಕೇಂದ್ರ ಸರ್ಕಾರ ಹಾಕಿಕೊಟ್ಟ ಮಾದರಿಯಲ್ಲಿ ತಗ್ಗು ನೆಲದ ಬಸ್ಸಿನ ನೆಲ 400 ಮಿಲಿಮೀಟರ್ ಎತ್ತರದಲ್ಲಿರುತ್ತದೆ, ಮಾಮೂಲಿ ಬಸ್ಸಿನದು 900. ಜಿಲ್ಲೆಯಿಂದ ಜಿಲ್ಲೆಗೆ ಓಡುವ ಕೆಂಪು ಬಸ್ಸುಗಳೆಲ್ಲ ಎತ್ತರದವೇ, ಬಾಗಿಲಲ್ಲಿ ಕಡಿದಾದ ಮೆಟ್ಟಿಲು, ಅದರ ನಡುವೆ ಒಂದು ಕಂಬ ಬೇರೆ. ಹೀಗಾಗಿ ವೀಲ್‌ಚೇರ್ ಬಳಸುವವರ ಪ್ರವಾಸ ಎಂದರೆ ಬಾಡಿಗೆ ಕಾರು. ಖರ್ಚು ಅಲ್ಲಿಗೇ ಮೂರ್ನಾಲ್ಕು ಪಟ್ಟು.

ಕಾರು ನಿಲ್ಲಿಸುವ ಜಾಗಕ್ಕೆ 3.6 ಮೀಟರ್ ಅಗಲ ಬೇಕು. ಕಾರಿನ ಬಾಗಿಲು ಪೂರ್ತಿ ತೆರೆದು, ಪಕ್ಕಕ್ಕೆ ವೀಲ್‌ಚೇರ್ ತಂದು, ಸೀಟಿನಿಂದ ಅದಕ್ಕೆ ಜರುಗಲು ಬೇಕಾದದ್ದು ಇಷ್ಟು. ಆ ಜಾಗ ಪ್ರವೇಶದ್ವಾರದಿಂದ 30 ಮೀಟರ್ ಒಳಗೆ ಇರಬೇಕು ಎನ್ನುತ್ತದೆ ಮಾರ್ಗಸೂಚಿ. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಪಾರ್ಕಿಂಗ್‌ನಿಂದ ಗೋಪುರಕ್ಕೆ ಸುಮಾರು ಒಂದು ಕಿಲೋಮೀಟರ್. ಹೊಗೆ-ದೂಳು ತಪ್ಪಿಸಲು ವಾಹನಗಳನ್ನು ದೂರದಲ್ಲೇ ತಡೆದು ಬ್ಯಾಟರಿ ಗಾಡಿ ಓಡಿಸುವುದು ಒಳ್ಳೆಯ ಕ್ರಮವೇ. ಆದರೆ ಸಾಮಾನ್ಯ ಬ್ಯಾಟರಿ ಗಾಡಿಗೆ ವೀಲ್‌ಚೇರ್ ಸಮೇತ ಹತ್ತಲು ಆಗುವುದಿಲ್ಲ. ಕುಳಿತವರನ್ನು ಎತ್ತಿ ಗಾಡಿಯ ಸೀಟಿಗೆ ಕೂರಿಸಬೇಕು, ಕುರ್ಚಿಯನ್ನು ಮಡಚಿ ಹಿಂದೆ ಇಡಬೇಕು. ಮಡಚಲಾಗದ ಮೋಟಾರ್ ಕುರ್ಚಿಯಾದರೆ ಅಲ್ಲೇ ಬಿಟ್ಟು ಹೋಗಬೇಕು. ಹತ್ತು ಗಾಡಿಗಳಲ್ಲಿ ಒಂದಕ್ಕೆ ಹಿಂದಿನ ಸಾಲಿನ ಸೀಟು ತೆಗೆದು, ಮಡಚುವ ಇಳಿಜಾರು ಹಲಗೆ ಮತ್ತು ಕುರ್ಚಿ ಬಿಗಿಯುವ ಪಟ್ಟಿ ಅಳವಡಿಸಿದರೆ ಮುಗಿಯುವ ಕೆಲಸ ಇದು. ಯಾವ ಪರಂಪರೆಗೂ ಇದರಿಂದ ಧಕ್ಕೆಯಿಲ್ಲ.

ಆಮೇಲೆ ಶೌಚಾಲಯ. ಬಾಗಿಲ ತೆರಪು ಕನಿಷ್ಠ 900 ಮಿ.ಮೀ., ಬಾಗಿಲು ಹೊರಕ್ಕೆ ತೆರೆಯಬೇಕು ಇಲ್ಲವೇ ಸರಿಯಬೇಕು, ಒಳಗೆ ಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಜಾಗ, ಕಮೋಡ್ ಪಕ್ಕ ಗೋಡೆಗೆ ಗಟ್ಟಿಯಾಗಿ ಬಿಗಿದ ಹಿಡಿಕಂಬಿ. ಕೆಡುವುದು ಎಲ್ಲಿ ಎಂದರೆ: ಅಳತೆ ಸರಿಯಾಗಿ ಕಟ್ಟುತ್ತಾರೆ, ಬಾಗಿಲಲ್ಲಿ ನೀರು ಹೊರಬರಬಾರದೆಂದು ಎರಡಿಂಚಿನ ಕಟ್ಟೆ ಇಡುತ್ತಾರೆ. ಆ ಎರಡಿಂಚೇ ಸಾಕು. ವೀಲ್‌ಚೇರಿನ ಮುಂದಿನ ಪುಟ್ಟ ಗಾಲಿ ಅದಕ್ಕೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಅಥವಾ ಎಲ್ಲ ಸರಿಯಿದ್ದು, ಪೊರಕೆ-ಬಕೆಟ್ ಇಡುವ ಕೋಣೆಯಾಗಿ ಬೀಗ ಬಿದ್ದಿರುತ್ತದೆ. ಸಮೀಪ ಶೌಚಾಲಯವಿಲ್ಲ ಎಂಬ ಕಾರಣಕ್ಕೆ ಬೆಳಗಿನಿಂದ ನೀರು ಕುಡಿಯದೆ ಪ್ರವಾಸ ಮಾಡುವವರಿದ್ದಾರೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಇದು ಮೂತ್ರನಾಳದ ಸೋಂಕಿಗೆ ನೇರ ದಾರಿ.

ಸಂರಕ್ಷಿತ ಸ್ಮಾರಕದ 100 ಮೀಟರ್ ಸುತ್ತ ನಿರ್ಮಾಣ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಹಾಗಾಗಿ ಶೌಚಾಲಯ ಕಟ್ಟಲಾಗದು ಎಂಬ ಸಬೂಬು ಆಗಾಗ ಕೇಳಿಬರುತ್ತದೆ. 2010ರಲ್ಲಿ ತಿದ್ದುಪಡಿಯಾದ ಸ್ಮಾರಕ ಕಾಯ್ದೆಯಲ್ಲಿ ‘ನಿರ್ಮಾಣ’ ಎಂಬುದಕ್ಕೆ ಕೊಟ್ಟ ವ್ಯಾಖ್ಯೆಯೇ ಸಾರ್ವಜನಿಕ ಶೌಚಾಲಯ, ಚರಂಡಿ, ನೀರು ಪೂರೈಕೆಯ ಕೆಲಸಗಳನ್ನು ಹೊರಗಿಟ್ಟಿದೆ. ಈ ಸಬೂಬು ಹೇಳುವವರು ವ್ಯಾಖ್ಯೆಯನ್ನು ಓದಿರುವುದು ಅನುಮಾನ.

ರ‍್ಯಾಂಪಿನ ಲೆಕ್ಕ

ರ‍್ಯಾಂಪ್ ಎಂದರೆ ಸಿಮೆಂಟ್ ಸುರಿದ ಇಳಿಜಾರು ಎಂದುಕೊಂಡೇ ಹೆಚ್ಚಿನವು ಹಾಳಾಗಿವೆ. ಗರಿಷ್ಠ ಇಳಿಜಾರು 1:12. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಏರಬೇಕಾದ ಎತ್ತರ ಹೆಚ್ಚಿದಂತೆ ಇಳಿಜಾರು ಇನ್ನೂ ನಿಧಾನವಾಗಬೇಕು, 1:15 ಅಥವಾ 1:20. ಹೆಚ್ಚೆಂದರೆ 9 ಮೀಟರಿಗೊಮ್ಮೆ ಒಂದೂವರೆ ಮೀಟರ್ ಸಮತಟ್ಟು ಜಾಗ ಬೇಕು, ಇಲ್ಲದಿದ್ದರೆ ಕೈ ಸೋತಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಎರಡೂ ಬದಿ ಹಿಡಿಕಂಬಿ, ಒಂದು ಸುಮಾರು 760 ಮಿ.ಮೀ. ಎತ್ತರದಲ್ಲಿ, ಇನ್ನೊಂದು 900ರಲ್ಲಿ. ಅಂಚಿನಲ್ಲಿ ಗಾಲಿ ಜಾರದಂತೆ ತಡೆ.

ಯಾಕೆ ಹನ್ನೆರಡು? ವ್ಯಕ್ತಿ ಮತ್ತು ಕುರ್ಚಿ ಸೇರಿ 90 ಕೆ.ಜಿ. ಎಂದುಕೊಳ್ಳಿ. 1:12ರ ಇಳಿಜಾರಿನಲ್ಲಿ ಕುರ್ಚಿ ಹಿಂದೆ ಸರಿಯದಂತೆ ಹಿಡಿಯಲು ಸುಮಾರು ಏಳೂವರೆ ಕೆ.ಜಿ. ಭಾರ ಎಳೆದಷ್ಟು ಬಲ ಸತತವಾಗಿ ಬೇಕು. ಈಗ ಮೂರು ಮೆಟ್ಟಿಲಿರುವ ಜಾಗಕ್ಕೆ ಬನ್ನಿ: ಎತ್ತರ 450 ಮಿ.ಮೀ., ಬೇಕಾದ ಉದ್ದ 5.4 ಮೀಟರ್. ಗುತ್ತಿಗೆದಾರ ಅಲ್ಲಿ ಎರಡು ಮೀಟರಿನಲ್ಲಿ ಕೆಲಸ ಮುಗಿಸುತ್ತಾನೆ. ಆಗ ಬೇಕಾಗುವ ಬಲ ಇಪ್ಪತ್ತು ಕೆ.ಜಿ. ಸಮೀಪ. ಒಬ್ಬರೇ ಹತ್ತುವುದಂತೂ ಇಲ್ಲ, ಹಿಂದಿನಿಂದ ತಳ್ಳುವವರಿದ್ದರೂ ಕುರ್ಚಿ ಹಿಂದಕ್ಕೆ ಮಗುಚುವ ಭಯ. ಇಂಥ ರ‍್ಯಾಂಪುಗಳು ನಮ್ಮ ಕಚೇರಿ, ಬ್ಯಾಂಕು, ಗುಡಿಗಳಲ್ಲಿ ಎಷ್ಟೋ ಇವೆ. ಸ್ಕೂಟರ್ ಹತ್ತಿಸಲು ಉಪಯೋಗವಾಗುತ್ತವೆ, ಅಷ್ಟೇ. ಆದರೂ ಪರಿಶೀಲನಾ ಪಟ್ಟಿಯಲ್ಲಿ ‘ರ‍್ಯಾಂಪ್: ಇದೆ’ ಎಂದು ಟಿಕ್ ಬಿದ್ದಿರುತ್ತದೆ. ಹೊಸ ನಿಯಮ ‘ರ‍್ಯಾಂಪ್ ಇರಬೇಕು’ ಎಂದಷ್ಟೇ ಬರೆದು ಇಳಿಜಾರಿನ ಅಳತೆಯನ್ನು ಮಾರ್ಗಸೂಚಿಗೆ ಬಿಟ್ಟರೆ ಆಗುವ ಅನಾಹುತ ಇದೇ.

ಅಡ್ಡ ಇಳಿಜಾರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮಳೆನೀರು ಹರಿಯಲೆಂದು ಹಾದಿಯನ್ನು ಒಂದು ಪಕ್ಕಕ್ಕೆ ಜಾಸ್ತಿ ವಾಲಿಸಿದರೆ ಕುರ್ಚಿ ಅತ್ತಲೇ ಎಳೆಯುತ್ತದೆ. ಒಂದು ಕೈಯಿಂದ ತಳ್ಳುತ್ತ ಇನ್ನೊಂದು ಕೈಯಿಂದ ಗಾಲಿ ಹಿಡಿದೇ ಸಾಗಬೇಕು. 1:50ಕ್ಕಿಂತ ಹೆಚ್ಚು ಅಡ್ಡವಾಲು ಇರಬಾರದು. ಚರಂಡಿ ಜಾಲರಿಯ ಸಂದು 12 ಮಿ.ಮೀ. ದಾಟಬಾರದು, ಸರಳುಗಳು ನಡಿಗೆಯ ದಿಕ್ಕಿಗೆ ಅಡ್ಡವಾಗಿರಬೇಕು.

ಪರಂಪರೆಯ ವಾದ ಎಷ್ಟು ದೂರ ನಿಲ್ಲುತ್ತದೆ?

ದೇಶದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳು ಸುಮಾರು 3,700. ಇವುಗಳ ಹೊಣೆ ಹೊತ್ತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ನಿಲುವಿನಲ್ಲಿ ಹುರುಳಿಲ್ಲ ಎನ್ನಲಾಗದು. ಮೂಲ ಕಲ್ಲಿಗೆ ಬೋಲ್ಟ್ ಕೊರೆದರೆ ಅದು ಮರಳಿ ಬಾರದ ಹಾನಿ. ಕಂಬಿಯ ತುಕ್ಕು ಕಲ್ಲಿಗೆ ಇಳಿದು ಕಲೆಯಾಗುತ್ತದೆ, ಆಮೇಲೆ ಹಿಗ್ಗಿ ಬಿರುಕು ಬಿಡುತ್ತದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆಯ, ಅಂದರೆ ಜಗತಿಯ, ಅಂದವೇ ಅದರ ಮೂಲೆಗಳಲ್ಲಿದೆ. ಅದರ ಮುಂದೆ ಕಾಂಕ್ರೀಟ್ ಇಳಿಜಾರು ಎಬ್ಬಿಸಬೇಕು ಎಂದು ಯಾರೂ ಕೇಳುತ್ತಿಲ್ಲ.

ಕೇಳುತ್ತಿರುವುದು, ತೆಗೆದರೆ ಗುರುತೇ ಉಳಿಯದಂಥ ರ‍್ಯಾಂಪ್. ಒಂದು ಮೀಟರ್ ಎತ್ತರದ ಜಗತಿ ಎಂದಿಟ್ಟುಕೊಳ್ಳಿ. 1:12ರಲ್ಲಿ ಹನ್ನೆರಡು ಮೀಟರ್ ಇಳಿಜಾರು, ಕೆಳಗೆ-ನಡುವೆ-ಮೇಲೆ ತಲಾ ಒಂದೂವರೆ ಮೀಟರ್ ಸಮತಟ್ಟು, ಒಟ್ಟು ಹದಿನಾರೂವರೆ ಮೀಟರ್. ನೇರ ಹಾಕಿದರೆ ಕಣ್ಣಿಗೆ ರಾಚುತ್ತದೆ, ಮಡಚಿ ಜಗತಿಯ ಹಿಂಬದಿಗೆ ಒರಗಿಸಿದಂತೆ ಇಟ್ಟರೆ ಎಂಟು-ಒಂಬತ್ತು ಮೀಟರಿನಲ್ಲಿ ಕೂರುತ್ತದೆ. ಅಲ್ಯೂಮಿನಿಯಂ ಅಥವಾ ಸ್ಟೀಲ್ ಚೌಕಟ್ಟು ತನ್ನ ಭಾರದಿಂದಲೇ ನಿಲ್ಲಬೇಕು. ಕಲ್ಲಿಗೆ ತಾಗುವ ಕಡೆ ರಬ್ಬರ್ ದಿಂಡು. ಚೌಕಟ್ಟಿಗೂ ಜಗತಿಗೂ ಒಂದೆರಡು ಇಂಚು ಅಂತರ, ಇಲ್ಲದಿದ್ದರೆ ನೀರು, ಕಸ ನಿಂತು ಪಾಚಿ ಹಿಡಿಯುತ್ತದೆ. ಮೇಲ್ಮೈಗೆ ಪ್ಲೈವುಡ್ ಹಾಕಿದರೆ ಎರಡು ಮಳೆಗಾಲಕ್ಕೆ ಉಬ್ಬುತ್ತದೆ. ಬರಿಯ ಉಕ್ಕಿನ ಹಾಳೆ ಬಾದಾಮಿ-ಹಂಪಿಯ ಬೇಸಿಗೆಯಲ್ಲಿ ಕಾದು ಹಿಡಿಕಂಬಿ ಮುಟ್ಟಲಾಗದಂತಾಗುತ್ತದೆ, ಬರಿಗಾಲಿನಲ್ಲಿ ಬರುವ ಭಕ್ತರಿಗೂ ಕಷ್ಟ. ಹೀಗಾಗಿ ಹಿಡಿಕಂಬಿಗೆ ಮರ ಅಥವಾ ಪ್ಲಾಸ್ಟಿಕ್ ಹೊದಿಕೆ ಬೇಕು.

2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್ ಮುಂತಾದೆಡೆ ಮರದ ರ‍್ಯಾಂಪುಗಳು ಎದ್ದವು. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಅದಕ್ಕಾಗಿ ಪಟ್ಟು ಹಿಡಿದಿದ್ದರು. ಅಂದರೆ ಕಲ್ಲಿಗೆ ಗಾಯ ಮಾಡದೆ ದಾರಿ ಮಾಡುವ ವಿದ್ಯೆ ಇಲಾಖೆಗೆ ಕಾಲು ಶತಮಾನದ ಹಿಂದೆಯೇ ಗೊತ್ತಿತ್ತು.

ಎಲ್ಲ ಕಡೆಯೂ ಇದು ಆಗದು. ಬಾದಾಮಿಯ ಗುಹೆಗಳು ಬಂಡೆಯ ಮುಖದಲ್ಲಿವೆ. ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೆ ಮೂಲೆ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲೇ ದಾರಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು; ಅಲ್ಲಿ ಡೋಲಿ ಹೊರುವವರಿದ್ದಾರೆ. ಡೋಲಿಯನ್ನು ಪ್ರವೇಶ ಸೌಲಭ್ಯ ಎಂದು ಲೆಕ್ಕ ಹಾಕಬಾರದು ಎನ್ನುವವರ ವಾದ ಸರಿಯಿದೆ: ಇನ್ನೊಬ್ಬರ ಹೆಗಲ ಮೇಲೆ, ಅವರ ಸಮಯಕ್ಕೆ, ಅವರು ಹೇಳಿದ ದರಕ್ಕೆ ಹೋಗುವುದು ಸ್ವತಂತ್ರ ಪ್ರವೇಶವಲ್ಲ. ಬೇರೆ ಉಪಾಯ ಇಲ್ಲದ ಕಡೆ ಮಾತ್ರ ಅದು ನಡೆದೀತು. ಕೋರ್ಟ್ ಕೂಡ ಈ ವ್ಯತ್ಯಾಸ ಗುರುತಿಸಿದೆ: ಸುಗಮ್ಯತೆ ಎಂದರೆ ಯಾರೂ ಕೇಳುವ ಮೊದಲೇ ಎಲ್ಲರಿಗೂ ಇರಬೇಕಾದ ವ್ಯವಸ್ಥೆ, ಒಬ್ಬ ವ್ಯಕ್ತಿ ಬಂದು ಕೇಳಿದಾಗ ಆತನ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡುವ ಹೊಂದಾಣಿಕೆ ಬೇರೆ. ಎರಡನೆಯದನ್ನು ತೋರಿಸಿ ಮೊದಲನೆಯದರಿಂದ ತಪ್ಪಿಸಿಕೊಳ್ಳುವಂತಿಲ್ಲ.

ಇನ್ನೊಂದು ಕಡೆ, ಕೆಲವು ತಾಣಗಳು ತಾವಾಗಿಯೇ ಒಲಿದಿವೆ. ಹಂಪಿಯ ಜನಾನಾ ಆವರಣ, ಕಮಲ ಮಹಲ್, ಆನೆಲಾಯಗಳ ಸುತ್ತ ನೆಲ ಬಹುಪಾಲು ಸಮತಟ್ಟು. ಪಟ್ಟದಕಲ್ಲಿನ ಗುಡಿಗಳು ಹುಲ್ಲುಹಾಸಿನ ನಡುವೆ ಒತ್ತೊತ್ತಾಗಿ ನಿಂತಿವೆ. ವಿಠ್ಠಲ ದೇವಸ್ಥಾನದಲ್ಲಿ ಸಂಗೀತ ಕಂಬಗಳ ಮಂಟಪಕ್ಕೆ ಯಾವ ಪ್ರವಾಸಿಯನ್ನೂ ಹತ್ತಗೊಡುವುದಿಲ್ಲ, ಕಲ್ಲಿನ ರಥವನ್ನೂ ದೂರದಿಂದಲೇ ನೋಡಬೇಕು. ಅಲ್ಲಿಗೆ ಗೋಪುರದ ಬಾಗಿಲು ದಾಟಿಸಿ ಅಂಗಳಕ್ಕೆ ಬಿಟ್ಟರೆ ವೀಲ್‌ಚೇರಿನಲ್ಲಿ ಕುಳಿತವರಿಗೂ ಮಿಕ್ಕವರಿಗೂ ಕಾಣುವುದು ಹೆಚ್ಚುಕಡಿಮೆ ಒಂದೇ. ಖರ್ಚು ಮಾಡುವ ಮುನ್ನ ಇಂಥ ಲೆಕ್ಕ ಹಾಕಬೇಕು.

ಪೂಜೆ ನಡೆಯುವ ಗುಡಿಗಳಲ್ಲಿ ಮತ್ತೊಂದು ತಕರಾರು ಇದೆ: ರಸ್ತೆಯ ಮೇಲೆ ಓಡಿದ ಗಾಲಿ ಚಪ್ಪಲಿಗೆ ಸಮ. ಹಾಗಾಗಿ ಸ್ವಂತ ಕುರ್ಚಿ ಹೊರಗಿಟ್ಟು ಗುಡಿಯ ಕುರ್ಚಿಗೆ ಬದಲಾಯಿಸಿ ಎನ್ನುತ್ತಾರೆ. ಆದರೆ ಬೆನ್ನು ನಿಲ್ಲದವರಿಗೆ, ಒತ್ತುಹುಣ್ಣಿನ ಭಯಕ್ಕೆ ವಿಶೇಷ ದಿಂಬು ಬಳಸುವವರಿಗೆ ಬೇರೆ ಕುರ್ಚಿ ಅಪಾಯ. ಬಾಗಿಲ ಬಳಿ ಗಾಲಿ ತೊಳೆಯುವ ನಲ್ಲಿ, ಒರೆಸುವ ಬಟ್ಟೆ ಇಟ್ಟರೆ ಇಬ್ಬರ ಮಾತೂ ಉಳಿಯುತ್ತದೆ.

ಕಾಡು, ಕಡಲು, ಜಲಪಾತ

ಕಾಯ್ದೆಯ ‘ಸಾರ್ವಜನಿಕ ಕಟ್ಟಡ’ ವ್ಯಾಖ್ಯೆಯಲ್ಲಿ ಧಾರ್ಮಿಕ, ಸಾಂಸ್ಕೃತಿಕ, ವಿರಾಮದ ಕಟ್ಟಡಗಳೆಲ್ಲ ಸೇರಿವೆ. ಕಾಡಿನ ಕಾಲುದಾರಿ ಕಟ್ಟಡವಲ್ಲ. ಹಾಗೆಂದು ಅದು ಕಾನೂನಿನ ಹೊರಗೂ ಇಲ್ಲ. ವಿರಾಮ, ಮನರಂಜನೆಯ ಸೇವೆಗಳು ‘ಸಾರ್ವಜನಿಕ ಸೌಲಭ್ಯ ಮತ್ತು ಸೇವೆ’ ಎಂಬುದರೊಳಗೆ ಬರುತ್ತವೆ. ಹೊರಾಂಗಣ ಶಿಬಿರ, ಸಾಹಸ ಚಟುವಟಿಕೆಗಳಲ್ಲಿ ಭಾಗವಹಿಸಲು ಅನುವು ಮಾಡಿಕೊಡಬೇಕೆಂದು 29ನೇ ಸೆಕ್ಷನ್ ಹೇಳುತ್ತದೆ. ಟಿಕೆಟ್ ಪಡೆದು ಸಫಾರಿ ನಡೆಸುವ ಸಂಸ್ಥೆ ಸೇವಾದಾರನೇ ಸರಿ.

ಅರಣ್ಯ ಇಲಾಖೆಯ ಆತಂಕ ಎರಡು: ಕಾಡಿನಲ್ಲಿ ಕಾಂಕ್ರೀಟ್ ಬೇಡ, ಪ್ರಾಣಿ ಎದುರಾದರೆ ಓಡಲಾಗದವರ ಸುರಕ್ಷತೆ ಯಾರ ಹೊಣೆ? ಸಫಾರಿಯಲ್ಲಿ ಯಾರೂ ವಾಹನದಿಂದ ಇಳಿಯುವಂತಿಲ್ಲವಾದ್ದರಿಂದ ಎರಡನೆಯ ಮಾತು ಅಲ್ಲಿಗೆ ಅನ್ವಯಿಸದು. ಉಳಿಯುವುದು ಹತ್ತುವ ಕಷ್ಟ. ಪ್ರತಿ ಜೀಪಿಗೂ ಲಿಫ್ಟ್ ಹಾಕುವ ಅಗತ್ಯವಿಲ್ಲ. ಸಫಾರಿ ಹೊರಡುವ ಜಾಗದಲ್ಲಿ ವಾಹನದ ನೆಲದಷ್ಟೇ ಎತ್ತರದ ಒಂದು ಕಟ್ಟೆ, ಅದಕ್ಕೆ ರ‍್ಯಾಂಪ್. ನೆಲ 700 ಮಿ.ಮೀ. ಎತ್ತರವಿದ್ದರೆ 8.4 ಮೀಟರ್ ಇಳಿಜಾರು. ಕಟ್ಟೆಯಿಂದ ನೇರ ವಾಹನದೊಳಕ್ಕೆ ಉರುಳಿಸಿ ಪಟ್ಟಿ ಬಿಗಿದರಾಯಿತು. ವಯಸ್ಸಾದವರೂ ಅದನ್ನೇ ಬಳಸುತ್ತಾರೆ.

ದೋಣಿಯ ಕತೆ ಇಷ್ಟು ಸುಲಭವಲ್ಲ. ರಂಗನತಿಟ್ಟಿನಲ್ಲಿ ಕೃಷ್ಣರಾಜಸಾಗರದಿಂದ ನೀರು ಬಿಟ್ಟಂತೆ ಕಾವೇರಿಯ ಮಟ್ಟ ಏರಿಳಿಯುತ್ತದೆ. ಸ್ಥಿರವಾದ ಮೆಟ್ಟಿಲುಕಟ್ಟೆ ಒಂದು ದಿನ ಸರಿಯಿದ್ದರೆ ಇನ್ನೊಂದು ದಿನ ಎರಡಡಿ ಮೇಲಿರುತ್ತದೆ. ತೇಲುವ ಕಟ್ಟೆ ಮತ್ತು ದಡಕ್ಕೆ ಕೀಲಿನಿಂದ ಸೇರಿದ ಉದ್ದನೆಯ ಹಲಗೆ ಸೇತುವೆಯೇ ಪರಿಹಾರ. ಸೇತುವೆ ಉದ್ದವಿದ್ದಷ್ಟೂ ನೀರು ಇಳಿದಾಗ ಇಳಿಜಾರು ಕಡಿದಾಗದು.

ಕಾಲುದಾರಿಗೆ ಮೊರಂ, ಅಂದರೆ ಗರಸು ಮಣ್ಣು, ಒಳ್ಳೆಯ ವಸ್ತು. ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ರೋಲರ್ ಹೊಡೆದು 100-150 ಮಿ.ಮೀ. ದಪ್ಪ ಮಾಡಿದರೆ ಗಾಲಿ ಸಲೀಸಾಗಿ ಓಡುತ್ತದೆ. ಮಲೆನಾಡಿನ ಮಳೆಗೆ ಅದು ಕೊಚ್ಚಿಹೋಗುತ್ತದೆ, ಹಾಗಾಗಿ ಸ್ವಲ್ಪ ಸಿಮೆಂಟ್ ಅಥವಾ ಸುಣ್ಣ ಬೆರೆಸಿ, ಪಕ್ಕದಲ್ಲಿ ಕಾಲುವೆ ತೆಗೆದು, ಪ್ರತಿ ಮಳೆಗಾಲದ ನಂತರ ಕೊರಕಲು ಮುಚ್ಚಬೇಕು. ಜಲ್ಲಿ ಚೆಲ್ಲಿದ ಹಾದಿ ಚಂದ ಕಾಣುತ್ತದೆ, ಆದರೆ ಮುಂಗಾಲಿ ಹೂತು ಕುರ್ಚಿ ಅಲ್ಲೇ ನಿಲ್ಲುತ್ತದೆ. ಅಗಲ ಒಂದೂವರೆ ಮೀಟರ್ ಇರಲಿ, ಅಲ್ಲಲ್ಲಿ ಇಬ್ಬರು ದಾಟುವಷ್ಟು ಅಗಲಿಸಲಿ.

ಹಾದಿಯ ಬಾಯಲ್ಲೇ ತಡೆ ಇರುವುದು ಇನ್ನೊಂದು ಗೋಳು. ಹಳ್ಳಿಯ ದಣಪೆ, ಉಣಗೋಲುಗಳು ದನ ತಡೆಯಲೆಂದು ಇದ್ದವು. ಗಳ ಸರಿಸಿದರೆ ದಾರಿ ಬಿಡುತ್ತಿದ್ದವು. ಈಗಿನ ಕೆರೆ ಉದ್ಯಾನ, ವೀಕ್ಷಣಾ ತಾಣಗಳಲ್ಲಿ ಬೈಕು ನುಗ್ಗದಂತೆ ಕಂಬ ನೆಡುತ್ತಾರೆ. ಬೈಕಿನ ಹ್ಯಾಂಡಲ್ಲೂ ವೀಲ್‌ಚೇರೂ ಅಗಲದಲ್ಲಿ ಹೆಚ್ಚುಕಡಿಮೆ ಒಂದೇ, ಸುಮಾರು 700 ಮಿ.ಮೀ. ಆದ್ದರಿಂದ ಕಂಬಗಳ ಅಂತರದಿಂದ ಒಂದನ್ನು ತಡೆದು ಇನ್ನೊಂದನ್ನು ಬಿಡಲಾಗದು. ವ್ಯತ್ಯಾಸವಿರುವುದು ಉದ್ದದಲ್ಲಿ: ಬೈಕು ಸುಮಾರು ಎರಡು ಮೀಟರ್, ವೀಲ್‌ಚೇರ್ ಒಂದೂಕಾಲಿಗಿಂತ ಕಡಿಮೆ. ಎರಡು ತಡೆಗಳನ್ನು ಒಂದಕ್ಕೊಂದು ಎದುರುಬದುರಾಗಿ, ಸುಮಾರು ಒಂದೂವರೆ ಮೀಟರ್ ಅಂತರದಲ್ಲಿ ಇಟ್ಟರೆ ಕುರ್ಚಿ ಸುತ್ತಿ ಬರುತ್ತದೆ, ಬೈಕು ತಿರುಗಲು ತಿಣುಕುತ್ತದೆ.

ಜೋಗದಂಥ ಕಡೆ ತಳಕ್ಕಿಳಿಯುವ ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳ ಬಗ್ಗೆ ಯಾರೂ ಪಟ್ಟು ಹಿಡಿಯುವುದಿಲ್ಲ. ಮೇಲಿನಿಂದಲೇ ನೋಟ ಚೆನ್ನ. ಆದರೆ ವೀಲ್‌ಚೇರಿನಲ್ಲಿ ಕುಳಿತವರ ಕಣ್ಣು ನೆಲದಿಂದ 1.1-1.2 ಮೀಟರ್ ಎತ್ತರದಲ್ಲಿರುತ್ತದೆ. ವೀಕ್ಷಣಾ ತಾಣದ ಸುತ್ತ ಅಷ್ಟೇ ಎತ್ತರದ ಗಾರೆ ಗೋಡೆ ಕಟ್ಟಿದರೆ ಅವರಿಗೆ ಕಾಣುವುದು ಗೋಡೆ. ಕೆಳಗಿನ ಎರಡಡಿ ಮಾತ್ರ ಗೋಡೆ, ಮೇಲೆ ನಿಲುವು ಸರಳು ಎಂಬ ಸಣ್ಣ ಬದಲಾವಣೆ ಸಾಕು.

ಕಡಲ ತೀರದ ಪಾಠ ಚೆನ್ನೈನಿಂದ ಬರುತ್ತದೆ. ಮರೀನಾ ಬೀಚಿನಲ್ಲಿ ರಸ್ತೆಯಿಂದ ನೀರಿನ ಹತ್ತಿರದವರೆಗೆ ಮರದ ಹಾದಿ 2022ರ ನವೆಂಬರ್‌ನಲ್ಲಿ ತೆರೆಯಿತು. ಕೆಲವೇ ದಿನಗಳಲ್ಲಿ ಮಾಂಡೂಸ್ ಚಂಡಮಾರುತಕ್ಕೆ ಅದರ ಕಡಲ ಕಡೆಯ ಭಾಗ ಕಿತ್ತುಬಂತು. ತುದಿಯ ಭಾಗ ಮಳೆಗಾಲಕ್ಕೆ ಮುನ್ನ ಬಿಚ್ಚಿಡುವಂತಿರಬೇಕು ಎಂಬುದು ಅದರಿಂದ ಕಲಿಯುವ ಮಾತು. ಕರ್ನಾಟಕದಲ್ಲಿ ಹೊನ್ನಾವರದ ಕಾಸರಕೋಡು, ಉಡುಪಿಯ ಪಡುಬಿದ್ರಿ ಬೀಚುಗಳಿಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ಸಿಕ್ಕಿತು. ಅಂಗವಿಕಲರಿಗೆ ದಾರಿ ಮತ್ತು ಶೌಚಾಲಯ ಆ ಮಾನ್ಯತೆಯ ಮಾನದಂಡಗಳಲ್ಲೇ ಸೇರಿವೆ. ಹೊರಗಿನ ಮಾನ್ಯತೆಗೆ ಮಾಡಲು ಬಂದದ್ದು ನಮ್ಮದೇ ಕಾಯ್ದೆಗೆ ಯಾಕೆ ಬಾರದು?

ಖರ್ಚು ಯಾರದು, ಹೊಣೆ ಯಾರದು?

ಹೋಮ್‌ಸ್ಟೇ, ರೆಸಾರ್ಟಿನವರ ವಾದ: ವರ್ಷಕ್ಕೆ ನಾಲ್ಕು ಜನ ಬರುತ್ತಾರೆ, ಅದಕ್ಕೆ ಲಕ್ಷಗಟ್ಟಲೆ ಯಾಕೆ? ಬರಲಾಗದ ಕಡೆಗೆ ಜನ ಬರುವುದಿಲ್ಲವಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಮಂಡಿ ನೋವಿನ ಹಿರಿಯರನ್ನು ಆ ಲೆಕ್ಕ ಹಿಡಿದಿಲ್ಲ. ಅಂಥವರೊಬ್ಬರಿದ್ದರೆ ಇಡೀ ಕುಟುಂಬ ಪ್ರವಾಸ ಕೈಬಿಡುತ್ತದೆ. ಕಟ್ಟುವಾಗಲೇ ಸ್ನಾನದ ಮನೆಗೆ ಎರಡೂವರೆ ಅಡಿಯ ಬದಲು ಮೂರೂಕಾಲು ಅಡಿಯ ಬಾಗಿಲಿಟ್ಟರೆ ಆಗುವ ಹೆಚ್ಚುವರಿ ಖರ್ಚು ತೀರಾ ಸ್ವಲ್ಪ. ಆಮೇಲೆ ಗೋಡೆ ಒಡೆದರೆ ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ. ಕಡ್ಡಾಯ ನಿಯಮ ಬೇಗ ಬರಲಿ ಎನ್ನುವುದಕ್ಕೆ ಇದೂ ಕಾರಣ: ತಡವಾದಷ್ಟೂ ಒಡೆಯಬೇಕಾದ ಗೋಡೆಗಳು ಹೆಚ್ಚುತ್ತವೆ.

ಹೊಣೆ ಹಂಚಿಹೋಗಿರುವುದು ಇನ್ನೂ ಕಠಿಣವಾದ ಸಮಸ್ಯೆ. ಒಂದೇ ತಾಣದಲ್ಲಿ ರಸ್ತೆ ಲೋಕೋಪಯೋಗಿಯದು, ಪಾರ್ಕಿಂಗ್ ಪಂಚಾಯಿತಿಯದು, ಸ್ಮಾರಕ ಪುರಾತತ್ವ ಇಲಾಖೆಯದು, ಪೂಜೆ ಮುಜರಾಯಿಯದು, ಶೌಚಾಲಯ ಪ್ರವಾಸೋದ್ಯಮ ಇಲಾಖೆಯದು, ಬಸ್ಸು ನಿಗಮದ್ದು. ಪ್ರತಿಯೊಬ್ಬರೂ ತಮ್ಮ ಪಾಲನ್ನು ಸರಿಪಡಿಸಿದೆವು ಎಂದು ವರದಿ ಕೊಟ್ಟರೂ, ಒಬ್ಬರ ಜಾಗ ಮುಗಿದು ಇನ್ನೊಬ್ಬರ ಜಾಗ ಶುರುವಾಗುವಲ್ಲಿನ ಆರಿಂಚು ಮೆಟ್ಟಿಲು ಹಾಗೇ ಉಳಿಯುತ್ತದೆ. ಹಂಪಿಗೆ ಪ್ರತ್ಯೇಕ ಕಾಯ್ದೆಯಡಿ ನಿರ್ವಹಣಾ ಪ್ರಾಧಿಕಾರವಿದೆ. ಇಡೀ ದಾರಿಗೆ ಒಬ್ಬರನ್ನೇ ಹೊಣೆ ಮಾಡಲು ಅಲ್ಲಿ ಅವಕಾಶವಿದೆ. ಬೇರೆ ತಾಣಗಳಲ್ಲಿ ಜಿಲ್ಲಾಧಿಕಾರಿಯನ್ನೇ ಹಿಡಿಯಬೇಕಾದೀತು.

ಹೊಸ ನಿಯಮ ಬಂದಾಗ ನೋಡಬೇಕಾದದ್ದು

45ನೇ ಸೆಕ್ಷನ್ ಆದ್ಯತೆಯ ಕ್ರಿಯಾಯೋಜನೆ ಪ್ರಕಟಿಸಿ ಎಂದು ಸರ್ಕಾರಗಳಿಗೆ ಹೇಳುವಾಗ ಉದಾಹರಣೆಯಾಗಿ ಹೆಸರಿಸುವುದು ಆರೋಗ್ಯ ಕೇಂದ್ರ, ಆಸ್ಪತ್ರೆ, ಶಾಲೆ, ರೈಲು ನಿಲ್ದಾಣ, ಬಸ್ ನಿಲ್ದಾಣಗಳನ್ನು. ಪ್ರವಾಸಿ ತಾಣ ಅಲ್ಲಿಲ್ಲ. ಆಸ್ಪತ್ರೆ ಮೊದಲಾಗಲಿ ಎಂಬುದು ನ್ಯಾಯವೇ. ಆದರೆ ಪಟ್ಟಿಯಲ್ಲೇ ಇಲ್ಲದ್ದಕ್ಕೆ ಸರದಿ ಬರುವುದಿಲ್ಲ. ರಾಜ್ಯ ಸರ್ಕಾರ ತನ್ನ ಯೋಜನೆಯಲ್ಲಿ ತಾಣಗಳನ್ನು ಹೆಸರಿಸಿ ಸೇರಿಸಲು ಕೇಂದ್ರದ ನಿಯಮಕ್ಕೆ ಕಾಯಬೇಕಿಲ್ಲ.

ಸ್ಮಾರಕಗಳಿಗೆ ವಿನಾಯಿತಿ ಕೊಡುವ ವಾಕ್ಯವನ್ನು ಮೊದಲು ಓದಬೇಕು. ವಿನಾಯಿತಿ ಇಡೀ ತಾಣಕ್ಕೋ, ಮೂಲ ರಚನೆಗೆ ಮಾತ್ರವೋ? ಇಡೀ ತಾಣಕ್ಕೆ ಎಂದಾದರೆ ಪಾರ್ಕಿಂಗ್, ಟಿಕೆಟ್ ಕೌಂಟರ್, ಶೌಚಾಲಯ ಎಲ್ಲವೂ ಅದರ ನೆರಳಿನಲ್ಲಿ ತಪ್ಪಿಸಿಕೊಳ್ಳುತ್ತವೆ. ವಿನಾಯಿತಿ ಬೇಕೆನ್ನುವ ಇಲಾಖೆ ಕಾರಣವನ್ನು ಬರೆದು ಪ್ರಕಟಿಸಬೇಕೋ ಬೇಡವೋ ಎಂಬುದೂ ಮುಖ್ಯ. ನಿರ್ವಹಣೆಯ ಮಾತು ಇದೆಯೇ ಎಂದೂ ಹುಡುಕಬೇಕು; ಬೀಗ ಬಿದ್ದ ಶೌಚಾಲಯವನ್ನು ಯಾವ ಅಳತೆಯ ನಿಯಮವೂ ತೆರೆಸದು.

ಅಲ್ಲಿಯವರೆಗೆ ದೂರಿಗೆ ದಾರಿ ಇದ್ದೇ ಇದೆ. ಪುರಾತತ್ವ ಇಲಾಖೆ, ರೈಲ್ವೆಯಂಥ ಕೇಂದ್ರದ ಸಂಸ್ಥೆಗಳ ಮೇಲಿನ ದೂರು ದೆಹಲಿಯ ಮುಖ್ಯ ಆಯುಕ್ತರಿಗೆ. ಮೃಗಾಲಯ, ಮುಜರಾಯಿ ಗುಡಿ, ಅರಣ್ಯ ಇಲಾಖೆ, ಸಾರಿಗೆ ನಿಗಮ, ಖಾಸಗಿ ರೆಸಾರ್ಟುಗಳ ಮೇಲಿನದು ರಾಜ್ಯದ ಅಂಗವಿಕಲರ ಆಯುಕ್ತರಿಗೆ. ‘ವೀಲ್‌ಚೇರ್ ಹೋಗುವುದಿಲ್ಲ’ ಎಂದಷ್ಟೇ ಬರೆಯಬೇಡಿ. ಮೆಟ್ಟಿಲಿನ ಎತ್ತರ, ರ‍್ಯಾಂಪಿನ ಉದ್ದ, ಬಾಗಿಲ ತೆರಪು ಇಷ್ಟನ್ನು ಟೇಪು ಹಿಡಿದು ಅಳೆದು, ಟೇಪು ಕಾಣುವಂತೆ ಫೋಟೊ ತೆಗೆದು, ದಿನಾಂಕದೊಂದಿಗೆ ಲಗತ್ತಿಸಿ. ಅಳತೆ ಇರುವ ದೂರಿಗೆ ‘ಸೌಲಭ್ಯ ಒದಗಿಸಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರೆದು ಕಡತ ಮುಚ್ಚುವುದು ಕಷ್ಟ.